ಮೊಬೈಲಿನ್ಯಾಗ ಕಾಲೇಜು: ಕೈಗೆ ಕೆಲಸ ಬರತೈತೇನ್ರಿ?

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಡುವ ಸಂಜೆಯ ಬಸ್ಸಿನಲ್ಲಿ ಕುಳಿತರೆ (ಸೀಟು ಸಿಕ್ಕರೆ!) ಈಗ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ.

"ನಮ್ಮ ಹುಡುಗ ಆನ್‌ಲೈನ್ ಡಿಗ್ರಿ ಮಾಡ್ತೀನಿ ಅಂತಾನ್ರಿ. ಅಂಗಡೀನೂ ನೋಡ್ಕೊಂಡಂಗಾತು, ಕಾಲೇಜೂ ಆತು. ಖರೇ ಏನ್ರಿ ಇದು?"

ಖರೇ ಹೌದು ಯಜಮಾನರೇ. ಆದರೆ ಅರ್ಧ ಖರೇ!

ಬಸ್ಸಿನ ದಾರಿಯನ್ನೇ ನೋಡಿರಿ. ಉದ್ಯಮಬಾಗದಲ್ಲಿ ಫೌಂಡ್ರಿಗಳು. ಮಚ್ಛೆಯಲ್ಲಿ 1998ರಲ್ಲಿ ಹುಟ್ಟಿದ ವಿಟಿಯು. ದಾರಿಯ ಕೊನೆಗೆ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ. ಮಣ್ಣು ಹದಕ್ಕೆ ಬಂತೋ ಇಲ್ಲವೋ ಎಂದು ಬೆರಳು ಹೇಳಬೇಕು. ಮೊಬೈಲಿನ ಗಾಜು ಹೇಳುವುದಿಲ್ಲ. ಲೇಥ್ ಮಶೀನೂ ಅಷ್ಟೇ. ಇದನ್ನರಿತೇ ಯುಜಿಸಿಯ 2020ರ ನಿಯಮ ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ಆನ್‌ಲೈನಿನಲ್ಲಿ ಕೊಡಕೂಡದೆಂದಿದೆ. ಬಿ.ಕಾಂ., ಬಿಸಿಎ, ಎಂಬಿಎಗಳಿಗೆ ಅವಕಾಶ ಉಂಟು.

ಹಾಗಾದರೆ ಪರದೆಯ ಮೇಲೆ ಕಸುಬು ಕಲಿಸಲು ಬಾರದೇ? ಬರುತ್ತದೆ. ಕಲಿಸುವವರು ಹೇಗೆ ಕಲಿಸುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪುಸ್ತಕವನ್ನು ಕ್ಯಾಮೆರಾ ಮುಂದೆ ಓದಿ ಹೇಳಿದರೆ ಅದು ಪಾಠವಲ್ಲ, ಜೋಗುಳ! ಜಿಎಸ್‌ಟಿ ಪಾಠವನ್ನೇ ತೆಗೆದುಕೊಳ್ಳಿ. ಜಾಣ ಮೇಷ್ಟ್ರು "ನಿಮ್ಮ ಅಂಗಡಿಯ ಒಂದು ತಿಂಗಳ ಬಿಲ್ಲು ತೆಗೀರಿ" ಎನ್ನುತ್ತಾರೆ. ಹುಬ್ಬಳ್ಳಿಯಿಂದ ಬಂದ ಮಾಲಿಗೆ ಕೇಂದ್ರದ್ದು, ರಾಜ್ಯದ್ದು ಎಂದು ತೆರಿಗೆ ಎರಡು ಪಾಲು. ಕೊಲ್ಹಾಪುರದಿಂದ ಬಂದರೆ ಐಜಿಎಸ್‌ಟಿ. ಗಡಿ ಊರಿನ ಅಂಗಡಿಯಲ್ಲಿ ಎರಡೂ ಬಿಲ್ಲು ಒಂದೇ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇರುತ್ತವೆ. ಹುಡುಗ ಲೆಕ್ಕ ಬರೆದು ಕಳಿಸಬೇಕು, ಮೇಷ್ಟ್ರು ತಪ್ಪು ತೋರಿಸಿ ವಾಪಸು ಕಳಿಸಬೇಕು. ಆಗ ವಿದ್ಯೆ ಕೈಗೆ ಹತ್ತುತ್ತದೆ.

ಪಾಠ ಚಿಕ್ಕದಿರಬೇಕು, ಇಳಿಸಿಕೊಳ್ಳಲು ಬರುವಂತಿರಬೇಕು. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಕರೆಂಟು ಹೋದರೆ ನೆಟ್‌ವರ್ಕನ್ನು ಎಲ್ಲಿ ಹುಡುಕುವುದು? ಕನ್ನಡ, ಮರಾಠಿಯಲ್ಲಿ ಕಲಿತು ಬಂದ ಮಕ್ಕಳಿಗೆ ಬರೀ ಇಂಗ್ಲಿಷಿನಲ್ಲಿ ಹೇಳಿದರೆ ತಲೆಗೆ ಹೋಗುವುದೆಂತು?

ದುಡ್ಡು ಕಟ್ಟುವ ಮೊದಲು ರುಚಿ ನೋಡಲು ದಾರಿಯಿದೆ. ಕೇಂದ್ರ ಸರ್ಕಾರದ 'ಸ್ವಯಂ' 2017ರಿಂದ ನಡೆದಿದೆ; ಪಾಠ ಕೇಳಲು ಕಾಸು ಬೇಡ, ಸರ್ಟಿಫಿಕೇಟು ಬೇಕಾದರೆ ಪರೀಕ್ಷೆಗೆ ಶುಲ್ಕ. ಅದರಲ್ಲೇ ಐಐಟಿಗಳವರ ಎನ್‌ಪಿಟೆಲ್ ಪಾಠಗಳಲ್ಲಿ ಮನೆಗೆಲಸಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ನಕಲಿಗೆ ಅಷ್ಟು ಸುಲಭವಿಲ್ಲ.

ಇನ್ನು ಮಾನ್ಯತೆಯ ಮಾತು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಕಥೆ ಮರೆಯಬಾರದು. 2015ರಲ್ಲಿ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ ಪ್ರಕಟಿಸಿತು. ಮತ್ತೆ ದೊರೆತದ್ದು 2018ರಲ್ಲಿ. ಸರ್ಕಾರಿ ವಿಶ್ವವಿದ್ಯಾನಿಲಯಕ್ಕೇ ಈ ಗತಿಯಾದರೆ, ಗೋಡೆಗೆ ಪೋಸ್ಟರು ಅಂಟಿಸುವವರ ಪಾಡೇನು? ಮಾನ್ಯತೆ ಪಡೆದ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಹೇಳಿದೆ. 'ಮಾನ್ಯತೆ ಪಡೆದ' ಎಂಬ ಮಾತಿಗೆ ಕೆಳಗೆ ಗೆರೆ ಹಾಕಿಕೊಳ್ಳಿರಿ.

ಆದ್ದರಿಂದ ಫೀ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿರಿ. ಈ ವರ್ಷದ ಯುಜಿಸಿ ಪಟ್ಟಿಯಲ್ಲಿ ಹೆಸರಿದೆಯೇ? ಹುಡುಗ ಮಾಡಿದ ಕೆಲಸವನ್ನು ತಿದ್ದುವವರು ಯಾರು? ಕೈಯಿಂದ ಮಾಡಿ ಕಲಿಯಲು ಜಾಗ ಎಲ್ಲಿ?

ಮೂರನೆಯದಕ್ಕೆ ನಮ್ಮದೂ ಒಂದು ಸೂಚನೆ: ಖಾನಾಪುರದ ಕಾಲೇಜುಗಳು ಭಾನುವಾರ ಕಂಪ್ಯೂಟರ್ ಕೋಣೆಯ ಬೀಗ ತೆಗೆಯಲಿ. ಕರೆಂಟು, ನೆಟ್‌ವರ್ಕು, ಕೇಳಲು ಒಬ್ಬ ಮೇಷ್ಟ್ರು ಇದ್ದರೆ ಸಾಕು. ಓದು ಬಿಟ್ಟ ಹೆಣ್ಣುಮಕ್ಕಳು ಅಲ್ಲಿಗೆ ಮೊದಲು ಬರುತ್ತಾರೆ.

ಬೀಗದ ಕೈ ಯಾರ ಹತ್ರ ಐತ್ರೀ?