ಬುಡ ಕತ್ತರಿಸಿ ಉಳಿಸಿದ ಗೋಡೆ

ಲಂಡನ್ನಿನ ಈಶಾನ್ಯ ದಿಕ್ಕಿಗೆ, ಎಸೆಕ್ಸ್ ಸೀಮೆಯ ಚಿಪ್ಪಿಂಗ್ ಓಂಗರ್ ಪೇಟೆಯಿಂದ ಸುಮಾರು ಒಂದು ಮೈಲಿ ಕಾಲುದಾರಿಯಲ್ಲಿ ನಡೆದರೆ ಗ್ರೀನ್‌ಸ್ಟೆಡ್ ಚರ್ಚು ಸಿಗುತ್ತದೆ. ಲಂಡನ್ನಿನ ಸೆಂಟ್ರಲ್ ಲೈನ್ ರೈಲು 1994ರವರೆಗೂ ಓಂಗರ್ ತನಕ ಓಡುತ್ತಿತ್ತು. ಈಗ ಎಪ್ಪಿಂಗ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅಷ್ಟು ಕಷ್ಟಪಟ್ಟು ಜನ ಹೋಗುವುದು ಒಂದು ಬಿರುದಿನ ಸೆಳೆತಕ್ಕೆ: ಜಗತ್ತಿನಲ್ಲಿ ಉಳಿದಿರುವ ಮರದ ಚರ್ಚುಗಳಲ್ಲೆಲ್ಲ ಇದೇ ಹಳೆಯದು ಎನ್ನುತ್ತವೆ ಪ್ರವಾಸಿ ಕೈಪಿಡಿಗಳು. ಮೂವತ್ತಡಿಯಷ್ಟು ಉದ್ದದ ಒಂದು ಅಂಕಣ, ಅದರ ಒಂದು ತುದಿಗೆ ಬಿಳಿ ಹಲಗೆ ಹೊದಿಸಿದ ಗೋಪುರ, ಇನ್ನೊಂದು ತುದಿಗೆ ಇಟ್ಟಿಗೆಯ ಬಲಿಪೀಠದ ಕೋಣೆ. ಅಂಕಣದ ಗೋಡೆಯೇ ಇಲ್ಲಿನ ಸಂಪತ್ತು. ಓಕ್ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ದುಂಡು ಮೈ ಹೊರಕ್ಕೂ ಚಪ್ಪಟೆ ಮೈ ಒಳಕ್ಕೂ ಬರುವಂತೆ ಒಂದರ ಪಕ್ಕ ಒಂದು ನಿಲ್ಲಿಸಿದ್ದಾರೆ. ಪ್ರತಿ ದಿಮ್ಮಿಯ ಅಂಚಿಗೂ ತೋಡು ತೆಗೆದು, ಎರಡು ದಿಮ್ಮಿ ಕೂಡುವಲ್ಲಿ ತೆಳ್ಳಗಿನ ಮರದ ಪಟ್ಟಿ ಕೂರಿಸಿದ್ದಾರೆ, ಗಾಳಿ ಮಳೆ ನುಗ್ಗದಿರಲಿ ಎಂದು. ಒಳಗೆ ಬಾಚಿಯ ಏಟಿನ ಗುರುತುಗಳು ಇನ್ನೂ ಕಾಣುತ್ತವೆ. ಇಷ್ಟೆಲ್ಲ ಇದ್ದೂ ಆ ಬಿರುದೇ ಈ ಚರ್ಚನ್ನು ಸರಿಯಾಗಿ ನೋಡಲು ಅಡ್ಡಿಯಾಗಿದೆ ಎಂಬುದು ನನ್ನ ವಾದ. ಗ್ರೀನ್‌ಸ್ಟೆಡ್‌ನ ಹೆಚ್ಚುಗಾರಿಕೆ ಇರುವುದು ಅದರ ವಯಸ್ಸಿನಲ್ಲಿ ಅಲ್ಲ, ಅದಕ್ಕೆ ಆದ ದುರಸ್ತಿಯಲ್ಲಿ.

ಮೊದಲು ವಯಸ್ಸಿನ ವಿಷಯವನ್ನೇ ನೋಡೋಣ. ಈ ಕತೆ ಎಷ್ಟು ಸೊಗಸಾಗಿದೆಯೆಂದರೆ ಬೇಗ ಮುಗಿಸಲು ಮನಸ್ಸಾಗುವುದಿಲ್ಲ. 1960ರಲ್ಲಿ ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಈ ದಿಮ್ಮಿಗಳ ಕಾಲ ಕ್ರಿ.ಶ. 845ರ ಸುಮಾರು ಎಂದು ಹೇಳಲಾಯಿತು. ಮೂರೂವರೆ ದಶಕ ಆ ಇಸವಿಯೇ ಎಲ್ಲರ ಬಾಯಲ್ಲಿತ್ತು. 1995ರಲ್ಲಿ ಮತ್ತೆ ಪರೀಕ್ಷಿಸಿದಾಗ ಉಳಿದಿದ್ದ ಕೊನೆಯ ಉಂಗುರ 1053ನೆಯ ಇಸವಿಯದೆಂದು ಗೊತ್ತಾಯಿತು. ಹಾಗೆಂದು ಮರ ಕಡಿದದ್ದು 1053ರಲ್ಲೇ ಅಲ್ಲ. ಓಕ್ ಮರದ ತೊಗಟೆಗೂ ಒಳಗಿನ ಗಟ್ಟಿ ಚೇಗಿಗೂ ನಡುವೆ ಎಳೆಯ ಮರದ ಪದರವಿರುತ್ತದೆ. ಮೊದಲು ಹುಳು ಹಿಡಿಯುವುದು, ಮೊದಲು ಉದುರುವುದು ಅದೇ. ಹೀಗೆ ಕಳೆದುಹೋದ ಪದರದಲ್ಲಿ ಹತ್ತು ಉಂಗುರವಾದರೂ ಇದ್ದಿರಬೇಕು, ಐವತ್ತೈದರವರೆಗೂ ಇದ್ದಿರಬಹುದು. ಕೂಡಿಸಿದರೆ ಮರ ಕಡಿದ ಕಾಲ 1063ರಿಂದ 1108ರ ನಡುವೆ ಬೀಳುತ್ತದೆ. ಇಂಗ್ಲೆಂಡಿನ ಚರಿತ್ರೆ ಮಗ್ಗುಲು ಬದಲಿಸಿದ 1066 ಆ ಅಂತರದ ಒಳಗೇ ಬರುತ್ತದೆ. ನಾರ್ಮನ್ನರು ಬರುವ ಮೊದಲು ಕಟ್ಟಿದ್ದೋ, ಬಂದು ಒಂದು ತಲೆಮಾರು ಕಳೆದ ಮೇಲೆ ಕಟ್ಟಿದ್ದೋ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಪದರವೇ ಉದುರಿಹೋಗಿದೆ. ಬಡಗಿಯ ಕಸುಬು ಮಾತ್ರ ಹಳೆಯ ಸ್ಯಾಕ್ಸನ್ ರೀತಿಯದು. ರಾಜ ಬದಲಾದ ಮಾತ್ರಕ್ಕೆ ಹಳ್ಳಿಯ ಬಡಗಿ ಮರ ಸೀಳುವ ಕ್ರಮ ಬದಲಿಸಬೇಕಿರಲಿಲ್ಲವಲ್ಲ. 1013ರಲ್ಲಿ ಸಂತ ಎಡ್ಮಂಡನ ಪಾರ್ಥಿವ ಶರೀರವನ್ನು ಲಂಡನ್ನಿನಿಂದ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣಕ್ಕೆ ಒಯ್ಯುವಾಗ ಓಂಗರ್ ಬಳಿಯ ಮರದ ಪ್ರಾರ್ಥನಾಲಯದಲ್ಲಿ ಇಳಿಸಿದ್ದರು ಎಂಬ ಪ್ರತೀತಿಯಿದೆ. ಅದು ಇದೇ ಜಾಗವಾಗಿದ್ದಿರಬಹುದು. ನೆಲದಡಿಯಲ್ಲಿ ಇನ್ನೂ ಹಿಂದಿನ ಮರದ ಕಟ್ಟಡಗಳ ಕುರುಹು ಸಿಕ್ಕಿದೆ. ಆದರೆ ಇಂದು ಕಾಣುವ ಗೋಡೆ ಆ ಶರೀರವನ್ನು ನೋಡಿದ್ದಲ್ಲ. ಇಷ್ಟಾದರೂ, ನಾರ್ವೆಯ ಉರ್ನೆಸ್‌ನ ಹೆಸರಾಂತ ಮರದ ಚರ್ಚು 1130ರ ಸುಮಾರಿನದು; ಅದಕ್ಕಿಂತ ಗ್ರೀನ್‌ಸ್ಟೆಡ್ ಹಿರಿಯದೇ.

ಇನ್ನು ದುರಸ್ತಿ. ಇಲ್ಲಿನ ಹಳೆಯ ಬಲಿಪೀಠದ ಕೋಣೆ ಹೋಗಿ 1500ರ ಸುಮಾರಿಗೆ ಇಟ್ಟಿಗೆಯದು ಬಂತು. ಗೋಪುರದ ಒಂದು ಗಂಟೆಯ ಮೇಲೆ 1618 ಎಂದಿದೆ. 1840ರ ದಶಕದ ಹೊತ್ತಿಗೆ ದಿಮ್ಮಿಗಳ ಬುಡ ಲಡ್ಡಾಗಿತ್ತು. 1848-49ರಲ್ಲಿ ಆ ಬುಡಗಳನ್ನು ಕತ್ತರಿಸಿ ತೆಗೆದು, ಕೆಳಗೆ ಇಟ್ಟಿಗೆಯ ಅಡಿಗೋಡೆ ಕಟ್ಟಿ, ಓಕ್‌ನ ಹೊಸ ಅಡಿತೊಲೆ ಹಾಸಿ, ಉಳಿದ ಗಟ್ಟಿ ಭಾಗವನ್ನು ಅದರ ಮೇಲೆ ನಿಲ್ಲಿಸಿದರು. ವಿಕ್ಟೋರಿಯಾ ಕಾಲದ ಇಂಥ ಕೆಲಸಗಳ ಮೇಲೆ ಗಂಭೀರ ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದೇ, ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯದನ್ನೆಲ್ಲ ಕೆರೆದು ತೆಗೆಯುತ್ತಿದ್ದ ಉತ್ಸಾಹಿಗಳ ವಿರುದ್ಧ. ಊರೂರಿನ ಚರ್ಚುಗಳಲ್ಲಿ ಅವರು ಮಾಡಿದ ಹಾನಿ ದೊಡ್ಡದು. ಆದರೆ ಗ್ರೀನ್‌ಸ್ಟೆಡ್‌ನಲ್ಲಿ ಬುಡ ಕತ್ತರಿಸದೆ ಬಿಟ್ಟಿದ್ದರೆ ಕೊಳೆ ಮೇಲೇರಿ ಇಡೀ ಗೋಡೆಯನ್ನೇ ತಿನ್ನುತ್ತಿತ್ತು. ಗೋಡೆಯಲ್ಲಿ ಕೊಳೆತದ್ದನ್ನಷ್ಟೇ ತೆಗೆದರು, ಗಟ್ಟಿಯಿದ್ದದ್ದನ್ನು ಉಳಿಸಿಕೊಂಡರು, ಸೇರಿಸಿದ್ದು ಹೊಸದೆಂದು ಕಣ್ಣಿಗೆ ಬೀಳುವಂತೆಯೇ ಬಿಟ್ಟರು. ಓಕ್ ಎಲ್ಲಿ ಮುಗಿದು ಇಟ್ಟಿಗೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಕ್ಕಳೂ ಬೊಟ್ಟು ಮಾಡಿ ತೋರಿಸಬಹುದು. ಅಷ್ಟು ಪ್ರಾಮಾಣಿಕವಾದ ದುರಸ್ತಿ ಅಪರೂಪ.

ಹಾಗಾದರೆ ಇದು ಯೋಚಿಸಿ ಉಳಿಸಿದ್ದಲ್ಲ, ಬಡ ಊರಿಗೆ ಹೊಸತು ಕಟ್ಟಲು ಹಣವಿರಲಿಲ್ಲ ಅಷ್ಟೇ ಎಂದು ಯಾರಾದರೂ ಹೇಳಬಹುದು. ಒಪ್ಪುವ ಮಾತು. ನಾರ್ಮನ್ನರ ಕಾಲದಿಂದ ಇಂಗ್ಲೆಂಡಿನ ಕೈಲಾದ ಊರುಗಳೆಲ್ಲ ಮರವನ್ನು ಕಿತ್ತು ಕಲ್ಲಿನಲ್ಲಿ ಕಟ್ಟಿಕೊಂಡವು. ಪುಟ್ಟ ಊರಿಗೆ ಪುಟ್ಟ ಚರ್ಚು ಸಾಕಾಯಿತು. ಆದರೆ ಬಡತನದಿಂದ ಗೋಡೆ ಬೀಳದೆ ಉಳಿಯುವುದಿಲ್ಲ. ಪ್ರತಿ ತಲೆಮಾರಿನಲ್ಲಿ ಯಾರೋ ಸೋರುವ ಕಡೆ ನೋಡಿ ಸರಿಪಡಿಸಿರಬೇಕು. ನಮ್ಮ ಕರಾವಳಿ ಮಲೆನಾಡುಗಳಲ್ಲಿ ಕೈಗೆ ಹಣ ಬಂದ ಕೂಡಲೇ ಹಳೆಯ ಮರದ ಕೆತ್ತನೆಯ ಗುಡಿಯನ್ನು ಬುಡಸಮೇತ ಬಿಚ್ಚಿ ಹೊಸ ಶಿಲೆಯಲ್ಲಿ ಎಬ್ಬಿಸುವ ಹುರುಪನ್ನು ಕಂಡವರಿಗೆ ಈ ಸಂಯಮದ ಬೆಲೆ ಗೊತ್ತಾದೀತು.

ಬಿರುದಿನ ಗುಂಗಿನಲ್ಲಿ ಬಂದವರು ನೋಡದೆ ಹೋಗುವ ಇನ್ನೊಂದು ಅಧ್ಯಾಯವಿದೆ. ಕೂಲಿ ಇಳಿಸಿದ್ದಕ್ಕೆ ಸಂಘ ಕಟ್ಟಿ, ಗುಟ್ಟಿನ ಪ್ರಮಾಣ ಮಾಡಿದ ಅಪರಾಧಕ್ಕೆ 1834ರಲ್ಲಿ ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಟಾಲ್‌ಪಡಲ್ ಹಳ್ಳಿಯ ಆರು ಮಂದಿ ಕೃಷಿ ಕಾರ್ಮಿಕರಲ್ಲಿ ಕೆಲವರು, ಕ್ಷಮಾದಾನ ಸಿಕ್ಕಿ ಮರಳಿದ ಮೇಲೆ ಗ್ರೀನ್‌ಸ್ಟೆಡ್‌ನಲ್ಲಿ ಗೇಣಿಗೆ ಜಮೀನು ಹಿಡಿದರು. ಅವರಲ್ಲೊಬ್ಬನಾದ ಜೇಮ್ಸ್ ಬ್ರೈನ್ 1839ರಲ್ಲಿ, ಜೊತೆಗೇ ಗಡೀಪಾರಾಗಿದ್ದ ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮಗಳು ಎಲಿಜಬೆತ್‌ಳನ್ನು ಮದುವೆಯಾದದ್ದು ಇದೇ ಚರ್ಚಿನಲ್ಲಿ. ಕೂಲಿಗಾರರ ಮದುವೆಗೂ ಮರದ ಗೋಡೆಗೂ ಏನು ಸಂಬಂಧ ಎನ್ನಬಹುದು. ಸಂಬಂಧ ನೇರವಾದದ್ದೇ. ಮದುವೆ, ಹೂಳುವಿಕೆ, ಭಾನುವಾರದ ಆರಾಧನೆ ಎಂದು ಜನ ಬರುತ್ತಿದ್ದುದರಿಂದಲೇ ಈ ಕಟ್ಟಡಕ್ಕೆ ದುರಸ್ತಿಯ ಖರ್ಚು ಸಂದಿತು. ಬ್ರೈನ್ ದಂಪತಿ ನಿಂತಾಗ ದಿಮ್ಮಿಗಳು ತಮ್ಮ ಹಳೆಯ ಬುಡದ ಮೇಲೆಯೇ ಇದ್ದವು. ಆ ಕುಟುಂಬಗಳು ಕೆನಡಾಕ್ಕೆ ವಲಸೆ ಹೋದ ಕೆಲವೇ ವರ್ಷಗಳಲ್ಲಿ ಬುಡ ಕತ್ತರಿಸಿ ಇಟ್ಟಿಗೆ ಕಟ್ಟುವ ಕೆಲಸ ಶುರುವಾಯಿತು. ಗ್ರೀನ್‌ಸ್ಟೆಡ್‌ನಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ, ಅದು ಟಿಕೆಟ್ ಕೊಂಡು ನೋಡುವ ವಸ್ತುಸಂಗ್ರಹಾಲಯವಾಗಿಲ್ಲ.