ಫ್ಲ್ಯಾಶಿಗೆ ತಂತಿ ಬೇಡ, ದುಡ್ಡೂ ಹೆಚ್ಚು ಬೇಡ

ಕ್ಯಾಮೆರಾದ ನೆತ್ತಿಯ ಮೇಲೆ ಕೂತ ಫ್ಲ್ಯಾಶಿನ ಬೆಳಕು ನೇರವಾಗಿ ಮುಖಕ್ಕೆ ರಾಚುತ್ತದೆ. ಮೂಗು, ಕೆನ್ನೆ, ಗಲ್ಲಗಳ ಉಬ್ಬುತಗ್ಗು ಅಳಿಸಿಹೋಗಿ ಮುಖ ಚಪ್ಪಟೆಯಾಗಿ ಕಾಣುತ್ತದೆ. ಅದೇ ಫ್ಲ್ಯಾಶನ್ನು ಕಳಚಿ, ಒಂದೆರಡು ಮೀಟರ್ ಪಕ್ಕಕ್ಕೆ ಸ್ಟ್ಯಾಂಡಿನ ಮೇಲಿಟ್ಟು, ಬಿಳಿ ಕೊಡೆಯ ಮೂಲಕ ಹೊಡೆಸಿದರೆ ಮುಖಕ್ಕೆ ಆಕಾರ ಬರುತ್ತದೆ. ಆದರೆ ದೂರ ನಿಂತ ಫ್ಲ್ಯಾಶಿಗೆ ಶಟರ್ ತೆರೆದದ್ದು ತಿಳಿಯುವುದು ಹೇಗೆ?

ಈ ಹೊಂದಾಣಿಕೆಗೆ ಸಿಗುವ ಸಮಯ ಬಹಳ ಕಡಿಮೆ. ಡಿಎಸ್‌ಎಲ್‌ಆರ್ ಶಟರಿನಲ್ಲಿ ಎರಡು ಪರದೆಗಳಿವೆ. ಮೊದಲನೆಯದು ಸರಿದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಬಹುಪಾಲು ಕ್ಯಾಮೆರಾಗಳಲ್ಲಿ ಶಟರ್ ವೇಗ 1/200 ಅಥವಾ 1/250 ಸೆಕೆಂಡನ್ನು ಮೀರಿದರೆ, ಮೊದಲ ಪರದೆ ತುದಿ ಮುಟ್ಟುವ ಮುನ್ನವೇ ಎರಡನೆಯದು ಹೊರಟುಬಿಡುತ್ತದೆ. ಸೆನ್ಸರ್ ಯಾವ ಗಳಿಗೆಯಲ್ಲೂ ಪೂರ್ತಿ ತೆರೆದಿರುವುದಿಲ್ಲ. ಫ್ಲ್ಯಾಶಿನ ಬೆಳಕಾದರೋ ಪೂರ್ಣ ಶಕ್ತಿಯಲ್ಲೂ ಸುಮಾರು ಸೆಕೆಂಡಿನ ಸಾವಿರದ ಒಂದು ಭಾಗದಷ್ಟೇ ಇರುತ್ತದೆ. ಸೆನ್ಸರ್ ಪೂರ್ತಿ ತೆರೆದಿರುವಾಗಲೇ ಅದು ಹೊತ್ತಿ ಆರಬೇಕು. ತಡವಾದರೆ ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟಿ ಮೂಡುತ್ತದೆ.

ತಂತಿ ಎಳೆದರೆ ಕೆಲಸವೇನೋ ಆಗುತ್ತದೆ, ಆದರೆ ಜನ ಎಡವುತ್ತಾರೆ. ಇನ್ನೊಂದು ಫ್ಲ್ಯಾಶಿನ ಬೆಳಕು ಕಂಡೊಡನೆ ತಾನೂ ಹೊತ್ತಿಕೊಳ್ಳುವ ‘ಸ್ಲೇವ್’ ಅಗ್ಗದ ಉಪಾಯ. ಆದರೆ ಮದುವೆ ಮಂಟಪದಲ್ಲಿ ಬೇರೆಯವರ ಫ್ಲ್ಯಾಶಿಗೂ ಅದು ಓಗೊಡುತ್ತದೆ. ಬಿಸಿಲಿನಲ್ಲಿ ಅದರ ಕಣ್ಣು ಮಂಜಾಗುತ್ತದೆ. ರೇಡಿಯೋ ಟ್ರಿಗರಿಗೆ ಈ ತೊಂದರೆಗಳಿಲ್ಲ. ಗೋಡೆಯ ಆಚೆಗೂ ಅದರ ಸಂಕೇತ ತಲುಪಬಲ್ಲದು.

ಅದರ ಕೆಲಸವೂ ಸರಳ. ಫ್ಲ್ಯಾಶ್ ಕೂರಿಸುವ ಜಾಗವಾದ ಕ್ಯಾಮೆರಾದ ಹಾಟ್ ಶೂ ನಡುವಿನ ಲೋಹದ ಬಿಂದುವಿನಲ್ಲಿ ಶಟರ್ ತೆರೆದ ಸುಳಿವು ಸಿಗುತ್ತದೆ. ಮೇಲೆ ಕೂತ ಟ್ರಾನ್ಸ್‌ಮಿಟರ್ ಅದನ್ನು ಸಂಕೇತವಾಗಿ ಗಾಳಿಗೆ ಬಿಡುತ್ತದೆ. ಫ್ಲ್ಯಾಶಿನ ಕೆಳಗಿರುವ ರಿಸೀವರ್ ಅದನ್ನು ಗುರುತಿಸಿ, ಸ್ವಿಚ್ ಒತ್ತಿದ ಹಾಗೆ ಎರಡು ಸಂಪರ್ಕಗಳನ್ನು ಕೂಡಿಸುತ್ತದೆ. ಬೆಳಕಿಗೆ ಬೇಕಾದ ಶಕ್ತಿ ಫ್ಲ್ಯಾಶಿನೊಳಗಿನ ಕೆಪಾಸಿಟರಿನಲ್ಲಿ, ಸುಮಾರು 300 ವೋಲ್ಟಿನಲ್ಲಿ, ಮೊದಲೇ ತುಂಬಿರುತ್ತದೆ. ಹತ್ತು ಮೀಟರ್ ದಾಟಲು ರೇಡಿಯೋ ಅಲೆಗೆ ಸುಮಾರು 33 ನ್ಯಾನೋಸೆಕೆಂಡ್ ಸಾಕು. ತಡವಾದರೆ ಅದು ಸರ್ಕ್ಯೂಟಿನಿಂದಲೇ.

ಇಷ್ಟು ಸಣ್ಣ ಕೆಲಸಕ್ಕೆ ಬೆಲೆ ಮಾತ್ರ ಬಹುಕಾಲ ಭಾರಿಯಾಗಿತ್ತು. ವೃತ್ತಿಪರರು ಅಮೆರಿಕದ ಪಾಕೆಟ್‌ವಿಜರ್ಡನ್ನು ನಂಬಿದ್ದರು. 433 ಮೆಗಾಹರ್ಟ್ಸಿನ ಅಗ್ಗದ ಚೀನೀ ಟ್ರಿಗರುಗಳು ಬಂದವು, ಆದರೆ ಆಗಾಗ ಕೈಕೊಡುತ್ತಿದ್ದವು. 2.4 ಗಿಗಾಹರ್ಟ್ಸಿಗೆ ಬಂದ ಯೋಂಗ್‌ನುವೊ ಕಂಪನಿಯ ಆರ್‌ಎಫ್-602 ಆ ದೂರನ್ನು ಬಹುಮಟ್ಟಿಗೆ ನೀಗಿತು. ಮುಂದಿನ ಆರ್‌ಎಫ್-603ರಲ್ಲಿ ಪ್ರತಿ ಘಟಕವೂ ಸಂಕೇತ ಕಳಿಸಬಲ್ಲದು, ಪಡೆಯಲೂ ಬಲ್ಲದು. ವೈಫೈ, ಬ್ಲೂಟೂತ್ ಬಳಸುವುದೂ ಇದೇ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು. ಆ ತರಂಗಕ್ಕೆ ಬೇಕಾದ ಚಿಪ್ಪುಗಳು ರಾಶಿಗಟ್ಟಲೆ ತಯಾರಾಗುವುದರಿಂದ ಬೆಲೆ ಇಳಿಯಿತು.

ಅಗ್ಗದ ಟ್ರಿಗರ್ ಸಂಕೇತವನ್ನಷ್ಟೇ ಸಾಗಿಸುತ್ತದೆ; ಬೆಳಕು ಎಷ್ಟಿರಬೇಕೆಂದು ಹೇಳುವುದಿಲ್ಲ. ಅದನ್ನು ಫ್ಲ್ಯಾಶಿನ ಮೇಲೆ ಕೈಯಾರೆ ಹೊಂದಿಸಬೇಕು. ಕೂತವರು ಕದಲದಿದ್ದರೆ ಇದು ಕಷ್ಟವೇನಲ್ಲ: ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಒಂದು ಲೆಕ್ಕ ನೆನಪಿದ್ದರೆ ಸಾಕು. ಓಡಾಡುವ ಮಗುವನ್ನೋ, ಮಂಟಪದ ಗಡಿಬಿಡಿಯನ್ನೋ ಹಿಡಿಯಬೇಕಾದರೆ ಬೆಳಕನ್ನು ತಾನೇ ಅಳೆಯುವ ಟಿಟಿಎಲ್ ಬೇಕು. ಗೋಡಾಕ್ಸ್‌ನಂಥ ಕಂಪನಿಗಳು ಅದನ್ನೂ ಕೈಗೆಟಕುವ ಬೆಲೆಗೆ ತಂದಿವೆ.

ಒಂದು ಎಚ್ಚರ: ಕೆಲವು ಹಳೆಯ ಫ್ಲ್ಯಾಶುಗಳ ಸಂಪರ್ಕದಲ್ಲಿ 200 ವೋಲ್ಟಿಗೂ ಹೆಚ್ಚು ಒತ್ತಡವಿರುತ್ತದೆ. ಮಲ್ಟಿಮೀಟರಿನಿಂದ ಅಳೆದು, ಟ್ರಿಗರ್ ತಾಳುವ ಮಿತಿಯನ್ನು ಕೈಪಿಡಿಯಲ್ಲಿ ನೋಡದೆ ಜೋಡಿಸಬೇಡಿ.

ಹೊಸದಾಗಿ ಕಲಿಯುವವರು ಸರಳ ಟ್ರಿಗರಿನ ಒಂದು ಜೊತೆಯನ್ನೂ ಮ್ಯಾನುಯಲ್ ಫ್ಲ್ಯಾಶನ್ನೂ ಕೊಂಡು, ಉಳಿದ ಹಣವನ್ನು ಸ್ಟ್ಯಾಂಡ್, ಕೊಡೆ ಮತ್ತು ಒಳ್ಳೆಯ ಬ್ಯಾಟರಿಗಳಿಗೆ ಹಾಕುವುದು ಮೇಲು. ಚಿತ್ರ ಚೆನ್ನಾಗುವುದು ಟ್ರಿಗರಿನ ಬೆಲೆಯಿಂದಲ್ಲ, ಫ್ಲ್ಯಾಶನ್ನು ಎಲ್ಲಿ ಇಟ್ಟಿರಿ ಎಂಬುದರಿಂದ.