ಖಾಲಾ ಮನೆಗೆ ಬಂದ ನೋಟಿಸು

ಪಕ್ಕದ ಮನೆಯ ಖಾಲಾಗೆ ಓದಲು ಬರುವುದು ಉರ್ದು ಮಾತ್ರ. ಮನೆ ಮಾಲೀಕರ ವಕೀಲರು ಕಳಿಸಿದ ನೋಟಿಸು ಇಂಗ್ಲಿಷಿನಲ್ಲಿತ್ತು. ಕಾಮರ್ಸ್ ಓದುವ ಹುಡುಗಿಯೆಂದು ನನ್ನನ್ನು ಕರೆದರು. '15 ದಿನ', 'ಖಾಲಿ ಮಾಡಿ' ಎಂಬಷ್ಟೇ ನನಗೆ ಅರ್ಥವಾಯಿತು; ಅಷ್ಟನ್ನೇ ಉರ್ದುವಿನಲ್ಲಿ ಹೇಳಿದೆ. ಖಾಲಾ ಅವತ್ತೇ ಪಾತ್ರೆ ಮೂಟೆ ಕಟ್ಟಿದರು.

ತಪ್ಪು ನನ್ನದೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆ ಮುಗಿಸಲು 15 ದಿನಗಳ ಲಿಖಿತ ನೋಟಿಸು ಬೇಕು. ಆದರೆ ನೋಟಿಸು ಕೋರ್ಟಿನ ಆದೇಶವಲ್ಲ. ಗಡುವು ಮುಗಿದರೂ ಬಾಡಿಗೆದಾರರು ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗಬೇಕು. ತಾವೇ ಸಾಮಾನು ಹೊರಗೆ ಹಾಕುವಂತಿಲ್ಲ. ಕೋರ್ಟಿನಿಂದ ಸಮನ್ಸ್ ಬಂದಾಗ ಮಾತ್ರ ಸುಮ್ಮನಿರಬಾರದು, ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪು ಆಗಬಹುದು. ಓದಲು ಬಾರದವರಿಗೆ ಎರಡೂ ಕಾಗದ ಒಂದೇ ಥರ ಕಾಣುತ್ತವೆ.

ಇದನ್ನು ಬಿಡಿಸಿ ಹೇಳಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು. 1987ರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ. ಸಹಾಯವಾಣಿ 15100. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಉರ್ದುವಿನಲ್ಲಿ ಹೇಳಿದೆ. ಈ ಸಲ ಗೊತ್ತಾಗದ್ದನ್ನು ಎರಡೆರಡು ಬಾರಿ ಕೇಳಿ ತಿಳಿದುಕೊಂಡೆ.

ಎಲ್ಲ ಕೇಳಿದ ಖಾಲಾ ಕೊನೆಗೆ, "ಹಾಗಾದ್ರೆ ಪಾತ್ರೆ ಬಿಚ್ಚಲಾ, ಬೇಟಾ?" ಅಂದರು.